ಓಡಿ ಹಾಳಾದ ಕಾರಲ್ಲ, ನೆನೆದು ಹಾಳಾದದ್ದು

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ವಾಹನದ ಪುಟದಲ್ಲಿ ಹಳೆ ಕಾರಿನ ಬಗ್ಗೆ ಒಂದು ಬರಹ ಬಂದಿತ್ತು. ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಕಾರನ್ನು ಇಟ್ಟುಕೊಳ್ಳುವುದು ನಷ್ಟ, ಬಂದಷ್ಟಕ್ಕೆ ಮಾರಿಬಿಡಿ ಅಂತ ಅದರ ಸಾರ. ಓದಿ ಸುಮ್ನೆ ಕೂರಲು ಆಗಲಿಲ್ಲ. ಬರೆದವರು ಕಾಸರಗೋಡಿನ ಕಡೆ ಒಂದು ಮಳೆಗಾಲವನ್ನೂ ಕಳೆದವರಲ್ಲ ಅಂತ ಕಾಣುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಇಲ್ಲಿ ಮೀಟರ್ ನೋಡಿ ಕಾರಿನ ಆಯಸ್ಸು ಹೇಳಿದರೆ ಲೆಕ್ಕ ತಪ್ಪುತ್ತದೆ. ಕೆಳಗೆ ಮಲಗಿ ತಳ ನೋಡಬೇಕು.

ನನ್ನದು 1998ರ ಮಾರುತಿ 800, ಕಾರ್ಬುರೇಟರಿನದ್ದು. ಬದಿಯಡ್ಕದ ಹತ್ತಿರ ನಮ್ಮ ಮನೆ, ಸ್ವಲ್ಪ ಅಡಿಕೆ ತೋಟ ಇದೆ, ನಾನು ವಿಜ್ಞಾನ ಕಲಿಸುತ್ತಿದ್ದ ನಿವೃತ್ತ ಅಧ್ಯಾಪಕ. ಕಾರು ಎಷ್ಟು ಓಡಿದೆ ಅಂತ ಸರಿಯಾಗಿ ಹೇಳಲಾರೆ, ಯಾಕೆಂದರೆ ಮೀಟರಿನ ಕೇಬಲ್ ಎರಡು ಸಲ ತುಂಡಾಗಿ ಒಂದಷ್ಟು ತಿಂಗಳು ಲೆಕ್ಕವಿಲ್ಲದೆ ಓಡಿದೆ. ಎರಡೂವರೆ ಲಕ್ಷಕ್ಕಂತೂ ಕಡಿಮೆ ಇಲ್ಲ. ಶಾಲೆಗೆ ಹೋದದ್ದು ಅದರಲ್ಲೇ, ಅಡಿಕೆ ಮೂಟೆ ಹೋದದ್ದು ಅದರಲ್ಲೇ, ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದದ್ದೂ ಅದರಲ್ಲೇ.

ಎರಡು ವರ್ಷದ ಹಿಂದೆ ಅದು ಕುಂಟಲು ಶುರುಮಾಡಿತು. ಮೂರು ಸಿಲಿಂಡರಿನ ಎಂಜಿನ್, ಅದರಲ್ಲಿ ಒಂದು ಸರಿಯಾಗಿ ಹೊಡೆಯುತ್ತಿರಲಿಲ್ಲ. ಏರು ಬಂದರೆ ನಡುಗುವುದು, ನಿಲ್ಲಿಸಿದರೆ ಆಫ್ ಆಗುವುದು. ಒಂದು ವರ್ಕ್‌ಶಾಪಿಗೆ ಕೊಂಡುಹೋದೆ. ಬಾನೆಟ್ ಎತ್ತಿ ಎರಡು ನಿಮಿಷ ಕಿವಿಕೊಟ್ಟು ಕೇಳಿದರು. "ರಿಂಗ್ ಹೋಗಿದೆ, ಎಂಜಿನ್ ಇಳಿಸಿ ಬೋರ್ ಮಾಡಬೇಕು, ನಲವತ್ತು ಸಾವಿರ ಇಟ್ಟುಕೊಳ್ಳಿ, ಇಲ್ಲದಿದ್ದರೆ ಗುಜರಿಗೆ ಕೊಡಿ ಮಾಷ್ಟ್ರೇ" ಅಂದರು. ಪ್ಲಗ್ ಒಂದನ್ನೂ ಬಿಚ್ಚಿ ನೋಡಲಿಲ್ಲ. ನನಗೂ ಬೇಸರವಾಯಿತು. ತಂದು ಅಂಗಳದ ಮೂಲೆಯಲ್ಲಿ ನಿಲ್ಲಿಸಿ ಮೇಲೆ ಟರ್ಪಾಲ್ ಹೊದಿಸಿಬಿಟ್ಟೆ. ಅದೇ ನಾನು ಮಾಡಿದ ದೊಡ್ಡ ತಪ್ಪು ಅಂತ ಆಮೇಲೆ ಗೊತ್ತಾಯಿತು. ಟರ್ಪಾಲ್ ಮಳೆಯನ್ನು ತಡೆಯುತ್ತದೆ ನಿಜ, ಆದರೆ ನೆಲದಿಂದ ಮೇಲೆ ಬರುವ ಹಸಿಯನ್ನು ಒಳಗೇ ಹಿಡಿದಿಡುತ್ತದೆ. ಒಂದು ಮಳೆಗಾಲ ಕಳೆದು ತೆಗೆದಾಗ ಸೀಟಿನ ಮೇಲೆ ಬೂಸಲು, ಇಲಿ ಕಚ್ಚಿದ ವಯರು, ಮುಟ್ಟಿದರೆ ಉದುರುವ ಬಣ್ಣ.

ಆವತ್ತು ಯಾಕೋ ಹಟ ಬಂತು. ಸಿಲಿಂಡರಿನೊಳಗಿನ ಗಾಳಿಯ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಒಂದನ್ನು ಅಳಿಯ ತರಿಸಿಕೊಟ್ಟ. ಕೆಲಸ ಕಷ್ಟದ್ದೇನಲ್ಲ. ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಮೂರೂ ಪ್ಲಗ್ ತೆಗೆದು, ಕಾಯಿಲ್‌ನ ವಯರು ಬಿಡಿಸಿಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯುವುದು, ಒಂದೊಂದೇ ತೂತಿಗೆ ಗೇಜ್ ಇಟ್ಟು ಮುಳ್ಳು ಎಲ್ಲಿಗೆ ಏರುತ್ತದೆ ನೋಡುವುದು. ನನ್ನ ಕಾರಿನಲ್ಲಿ ಒತ್ತಡ 165, 160, 110 ಪಿಎಸ್‌ಐ ಬಂತು. ಮೂರನೆಯದ್ದೇ ಕಳ್ಳ. ಆ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಪಿಸ್ಟನ್ನಿನ ಸುತ್ತಲಿನ ರಿಂಗ್ ಸವೆದಿದ್ದರೆ ಅದಕ್ಕೂ ಸಿಲಿಂಡರಿಗೂ ನಡುವಿನ ಸಂದನ್ನು ಆಯಿಲ್ ಮುಚ್ಚುತ್ತದೆ, ಮುಳ್ಳು ಮೇಲೆ ಹೋಗಬೇಕು. ಹೋಗಲಿಲ್ಲ, ಅಲ್ಲೇ ನಿಂತಿತು. ಅಂದರೆ ಗಾಳಿ ಸೋರುವುದು ಮೇಲೆ, ವಾಲ್ವಿನ ಹತ್ತಿರ.

ಎಂಜಿನ್ ಪೂರ್ತಿ ತಣಿದ ಮೇಲೆ ಮರುದಿನ ಬೆಳಿಗ್ಗೆ ಮೇಲಿನ ಮುಚ್ಚಳ ತೆಗೆದು ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಇರಬೇಕಾದ ಸಂದು, ನೋಡಿದೆ. ಮೂರನೇ ಸಿಲಿಂಡರಿನ ಹೊಗೆ ಹೋಗುವ ವಾಲ್ವಿಗೆ ಸಂದೇ ಇಲ್ಲ! ಸಂದು ಅಳೆಯುವ ಫೀಲರ್ ಗೇಜಿನ ಅತಿ ತೆಳುವಾದ ಎಲೆಯೂ ನುಗ್ಗುವುದಿಲ್ಲ. ತುಂಬ ಓಡಿದ ಎಂಜಿನ್‌ನಲ್ಲಿ ವಾಲ್ವು ತಾನು ಕೂರುವ ಜಾಗದೊಳಗೆ ಕೂದಲೆಳೆಯಷ್ಟು ಇಳಿಯುತ್ತಾ ಹೋಗುತ್ತದೆ, ಸಂದು ಕಡಿಮೆಯಾಗುತ್ತದೆ, ಕೊನೆಗೆ ವಾಲ್ವು ಪೂರ್ತಿ ಮುಚ್ಚುವುದೇ ಇಲ್ಲ. ಒಂದು ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಅರ್ಧ ಗಂಟೆ. ಸಂದು ಸರಿಮಾಡಿ ನಾಲ್ಕು ದಿನ ಓಡಿಸಿ ಮತ್ತೆ ಅಳೆದರೆ 150. ಕುಂಟು ನಿಂತಿತು. ನಲವತ್ತು ಸಾವಿರದ ಕೆಲಸ ಅಂದದ್ದು ಇದು. ನಾನು ಆ ವರ್ಕ್‌ಶಾಪಿನವರನ್ನು ಕಳ್ಳರು ಅನ್ನುವುದಿಲ್ಲ. ಹಳೆ ಗಾಡಿ ಅಂದ ಕೂಡಲೇ ನೋಡುವ ತಾಳ್ಮೆ ಹೋಗುತ್ತದೆ, ಅಷ್ಟೇ.

ಎಂಜಿನ್ ಹೀಗೆ ಅಗ್ಗದಲ್ಲಿ ಮುಗಿಯಿತು. ನಿಜವಾದ ಕೆಲಸ ಇದ್ದದ್ದು ಕೆಳಗೆ.

ಡ್ರೈವರ್ ಕಾಲಿಡುವ ಕಡೆ ಮ್ಯಾಟು, ಅದರ ಕೆಳಗಿನ ಕಾರ್ಪೆಟ್ ಎತ್ತಿದೆ. ಇಪ್ಪತ್ತೈದು ಮಳೆಗಾಲ ಒದ್ದೆ ಚಪ್ಪಲಿಯಿಂದ ಇಳಿದ ನೀರು ಅಲ್ಲೇ ಕೂತಿತ್ತು. ಬೆರಳಿನಿಂದ ಒತ್ತಿದರೆ ಬೆರಳು ಅಂಗಳಕ್ಕೆ ಇಳಿಯಿತು. ವೆಲ್ಡಿಂಗಿಗೆ ಬಂದ ಹುಡುಗ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದವನು "ಮಾಷ್ಟ್ರೇ, ಇದು ತಗಡಲ್ಲ, ಹಲಸಿನ ಹಪ್ಪಳ" ಅಂದ. ಬಾಗಿಲುಗಳ ಕೆಳಗಿನ ಅಂಚೂ ಹಾಗೆಯೇ. ಬಾಗಿಲಿನ ಗ್ಲಾಸಿನ ಸಂದಿನಿಂದ ಒಳಗೆ ಇಳಿಯುವ ನೀರು ಹೊರಗೆ ಹೋಗಲಿ ಅಂತ ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ. ಅವು ಮಣ್ಣು, ಎಲೆಪುಡಿ ತುಂಬಿ ಕಟ್ಟಿಹೋದರೆ ಬಾಗಿಲೇ ಒಂದು ಬಾಲ್ದಿ. ಹಿಡಿಸೂಡಿಯ (ಕಡ್ಡಿ ಪೊರಕೆಯ) ಒಂದು ಕಡ್ಡಿ ಎಳೆದು ಚುಚ್ಚಿದೆ, ಒಂದು ಬಾಗಿಲಿನಿಂದ ಕಾಲು ಲೀಟರಿನಷ್ಟು ಚಹಾದ ಬಣ್ಣದ ನೀರು ಸುರಿಯಿತು. ವೈಪರಿನ ಕೆಳಗಿನ ಜಾಲರಿಯೂ ಹಾಗೆಯೇ ಕಟ್ಟಿತ್ತು. ಮರದಡಿ ಕಾರು ನಿಲ್ಲಿಸುವವರೆಲ್ಲ ಅಲ್ಲಿ ಒಮ್ಮೆ ಕೈಹಾಕಿ ನೋಡಿ.

ಆದರೆ ನನ್ನನ್ನು ನಾಚಿಸಿದ್ದು ಹಿಂದೆ ಸಾಮಾನು ಇಡುವ ಡಿಕ್ಕಿ. ಅಲ್ಲಿ ಅಂಗೈಯಗಲ ತೂತು, ಸುತ್ತ ತಾಮ್ರದ ಹಾಗೆ ಕೆಂಪು ಕಲೆ. ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನೆನಪಾಯಿತು, ವರ್ಷವರ್ಷ ಅಡಿಕೆಯ ಕೊಳೆರೋಗದ ಮದ್ದಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ತರುತ್ತಿದ್ದದ್ದು ಅಲ್ಲೇ. ಕಟ್ಟು ಒಡೆದು ಒಂದಷ್ಟು ಹರಳು ಚೆಲ್ಲುತ್ತಿತ್ತು, ಒದ್ದೆ ಗೋಣಿಯ ನೀರು ಅದಕ್ಕೆ ಸೇರುತ್ತಿತ್ತು. ಮೈಲುತುತ್ತಿಗೆ ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣ ಸರಿಯಾಯಿತೇ ಅಂತ ನೋಡಲು ನಾವೆಲ್ಲ ಕತ್ತಿ ಅದ್ದುತ್ತೇವೆ ಅಲ್ವಾ? ಕತ್ತಿ ಕೆಂಪಾದರೆ ಸುಣ್ಣ ಸಾಲದು ಅಂತ ಅರ್ಥ. ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಮೈಲುತುತ್ತಿನ ನೀರಿಗೆ ಮೊಳೆ ಹಾಕಿ ಇದನ್ನೇ ನಾನು ಹತ್ತನೇ ಕ್ಲಾಸಿನ ಮಕ್ಕಳಿಗೆ ವರ್ಷವರ್ಷ ತೋರಿಸಿದವನು. ಅದೇ ಪ್ರಯೋಗ ನನ್ನ ಡಿಕ್ಕಿಯಲ್ಲಿ ಸದ್ದಿಲ್ಲದೆ ನಡೆಯುತ್ತಿತ್ತು. ತೋಟದವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೈಲುತುತ್ತನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಬಾಲ್ದಿಯಲ್ಲಿ ಇಟ್ಟು ತನ್ನಿ.

ತಗಡು ಕೊಯ್ದು ಹೊಸದು ಕೂರಿಸಲು ಹನ್ನೊಂದು ದಿನ ಹಿಡಿಯಿತು, ಅದೂ ಹುಡುಗನಿಗೆ ಬಿಡುವಿದ್ದಾಗ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ತೆಗೆದೆವು, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟೆವು. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಎರಡೇ ದಿನದಲ್ಲಿ ಚಂದ ಕಾಣುತ್ತದೆ, ಮಾರುವವರು ಹಾಗೆಯೇ ಮಾಡುತ್ತಾರೆ. ಪುಟ್ಟಿಯ ಹಿಂದೆ ತುಕ್ಕು ಮಾತ್ರ ತನ್ನ ಪಾಡಿಗೆ ತಿನ್ನುತ್ತಲೇ ಇರುತ್ತದೆ. ನಾವು ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ, ಅದೇ ದಿನ ರೆಡ್ ಆಕ್ಸೈಡ್ ಹೊಡೆದೆವು. ನಮ್ಮ ಹವೆಯಲ್ಲಿ ಉಜ್ಜಿದ ಕಬ್ಬಿಣವನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಮತ್ತೆ ಕೆಂಪಾಗಿರುತ್ತದೆ.

ಇಲ್ಲಿ ಒಂದು ವಿಷಯ ಹೇಳದೆ ಇದ್ದರೆ ತಪ್ಪಾಗುತ್ತದೆ. ಶುರುವಿನಲ್ಲಿ ನಾನು ಕಾರನ್ನು ಜಾಕಿನಲ್ಲಿ ಎತ್ತಿ ಕೆಳಗೆ ಎರಡು ಮುರಕಲ್ಲು ಕೊಟ್ಟಿದ್ದೆ. ನಮ್ಮ ಕಡೆ ಎಲ್ಲರೂ ಹಾಗೆಯೇ ಮಾಡುವುದು, ಮನೆ ಕಟ್ಟಿ ಉಳಿದ ಕಲ್ಲು ಅಂಗಳದಲ್ಲಿ ಇದ್ದೇ ಇರುತ್ತದೆ. ಒಂದು ದಿನ ಮಧ್ಯಾಹ್ನ ಊಟಕ್ಕೆ ಅಂತ ಎದ್ದು ಕೈತೊಳೆಯುತ್ತಿದ್ದೆ, ಹಿಂದಿನಿಂದ ಢಬ್ ಅಂತ ಸದ್ದು. ಒಂದು ಕಲ್ಲು ನಡುವಿನಲ್ಲಿ ಸೀಳಿ ಕಾರು ನೆಲಕ್ಕೆ ಕೂತಿತ್ತು. ಹತ್ತು ನಿಮಿಷ ಮೊದಲು ನನ್ನ ಎದೆ ಇದ್ದ ಜಾಗ ಅದು. ಮುರಕಲ್ಲು ಗೋಡೆಗೆ ಗಟ್ಟಿ, ಆದರೆ ಒಂದೇ ಕಡೆ ಭಾರ ಬಿದ್ದರೆ ಹೇಳದೆ ಕೇಳದೆ ಒಡೆಯುತ್ತದೆ, ನೀರು ಕುಡಿದ ಕಲ್ಲಾದರಂತೂ ಕೇಳುವುದೇ ಬೇಡ. ಮನೆಯವಳು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕಾಸರಗೋಡು ಪೇಟೆಗೆ ಹೋಗಿ ಒಂದು ಜೊತೆ ಜಾಕ್ ಸ್ಟ್ಯಾಂಡ್ ತಂದೆ.

ಉಳಿದದ್ದು ಬೇಗ ಹೇಳುತ್ತೇನೆ. ಎಂಜಿನ್ನಿನ ವಾಲ್ವುಗಳನ್ನು ನಡೆಸುವ ರಬ್ಬರ್ ಪಟ್ಟಿ, ಟೈಮಿಂಗ್ ಬೆಲ್ಟ್, ಯಾವಾಗ ಹಾಕಿದ್ದು ಅಂತ ನೆನಪೇ ಇರಲಿಲ್ಲ, ನೆನಪಿಲ್ಲದಿದ್ದರೆ ಬದಲಾಯಿಸುವುದೇ ಸರಿ. ರಬ್ಬರಿಗೆ ಓಡಿದ ಲೆಕ್ಕಕ್ಕಿಂತ ವರ್ಷದ ಲೆಕ್ಕ ಮುಖ್ಯ. ಪೆಟ್ರೋಲ್ ಪೈಪುಗಳನ್ನೂ ಎಲ್ಲ ಹೊಸದು ಹಾಕಿದೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್, ಅದಕ್ಕೆ ಅಂತ ಮಾಡದ ಹಳೆ ರಬ್ಬರು ಅದರಲ್ಲಿ ಮೆತ್ತಗಾಗಿ ಬಿರಿಯುತ್ತದೆ. ಬ್ರೇಕ್ ಮಾತ್ರ ನಾನೊಬ್ಬನೇ ಮುಟ್ಟಲಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿಯುತ್ತದೆ, ಹಿಂದಿನ ಚಕ್ರದ ಸಿಲಿಂಡರು ತುಕ್ಕು ಹಿಡಿದು ಅಂಟಿಹೋಗಿತ್ತು. ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಮನೆಗೇ ಕರೆಸಿ ಅವರ ಜೊತೆ ಕೂತು ಮಾಡಿಸಿದೆ.

ಇನ್ನು ಹದಿನೈದು ವರ್ಷವಾದರೆ ಕಾರನ್ನು ಒಡೆಯಲೇಬೇಕು ಅಂತ ನಮ್ಮ ಊರಿನಲ್ಲಿ ಅರ್ಧ ಜನ ನಂಬಿದ್ದಾರೆ. ಅದು ದೆಹಲಿಯ ಸುದ್ದಿ ಕೇಳಿ ಹುಟ್ಟಿದ ಭಯ. ಕೇರಳದಲ್ಲಿ ಸ್ವಂತ ಕಾರನ್ನು ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ಆರ್‌ಸಿ ಮುಂದುವರಿಸಬಹುದು. ಖರ್ಚು ಮಾತ್ರ ಏರಿದೆ. 600 ರೂಪಾಯಿ ಇದ್ದ ಮರುನೋಂದಣಿ ಶುಲ್ಕವನ್ನು ಕೇಂದ್ರ ಸರಕಾರ 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿಸಿತ್ತು, ಆಮೇಲೂ ಅದು ಬದಲಾಗಿದೆ, ತೆರಿಗೆ ಬೇರೆ. ಹಾಗಾಗಿ ನನ್ನ ಲೆಕ್ಕ ಇಷ್ಟು: ತಳ ಗಟ್ಟಿ ಇದ್ದರೆ ಎರಡು ಲಕ್ಷ ಓಡಿದ ಕಾರನ್ನೂ ಇಟ್ಟುಕೊಳ್ಳಿ, ತಳ ಹಪ್ಪಳವಾಗಿದ್ದರೆ ಐವತ್ತು ಸಾವಿರವೇ ಓಡಿದ್ದರೂ ಕೈಮುಗಿದು ಕಳಿಸಿಬಿಡಿ. ನನ್ನದು ಇವೆರಡರ ನಡುವೆ ಇತ್ತು, ಮೋಹವೂ ಇತ್ತು. ಎಲ್ಲ ಸೇರಿ ಮೂವತ್ತೊಂದು ಸಾವಿರ ಆಯಿತು, ನನ್ನ ಕೂಲಿ ಬಿಟ್ಟು.

ನಿಮ್ಮಲ್ಲಿ ಕೇಳುವುದು ಒಂದೇ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಕೂತವನಿಗೆ ಕನ್ನಡದಲ್ಲಿ ಓದಲು ಏನೂ ಸಿಗುವುದಿಲ್ಲ. ಪುಸ್ತಕ ಇಂಗ್ಲಿಷಿನದ್ದು, ವಿಡಿಯೋ ಮಲಯಾಳ ಅಥವಾ ಹಿಂದಿಯದ್ದು, ವೆಲ್ಡಿಂಗ್ ಹುಡುಗನ ಹತ್ತಿರ ತುಳು. ನನಗೆ ಹೇಗೋ ನಡೆಯುತ್ತದೆ, ಎಲ್ಲರಿಗೂ ನಡೆಯಬೇಕಲ್ಲ. ವಾಹನದ ಪುಟದಲ್ಲಿ ವಾರವಾರ ಇಪ್ಪತ್ತು ಲಕ್ಷದ ಹೊಸ ಕಾರಿನ ಫೋಟೋ ಹಾಕುತ್ತೀರಿ, ಹಾಕಿ, ನಾವೂ ನೋಡುತ್ತೇವೆ. ಅದರ ಮೂಲೆಯಲ್ಲಿ ನಾಲ್ಕು ಇಂಚು ಜಾಗ ಮನೆಯಲ್ಲೇ ರಿಪೇರಿ ಮಾಡುವವರಿಗೆ ಕೊಡಿ. ಮೊದಲ ವಾರಕ್ಕೆ ಬಾಗಿಲಿನ ತೂತು ಮತ್ತು ಹಿಡಿಸೂಡಿ ಕಡ್ಡಿಯ ವಿಷಯ ಸಾಕು. ಮೇ ತಿಂಗಳು ಮುಗಿಯುವ ಮೊದಲು ಹಾಕಿ, ಜೂನಿನಲ್ಲಿ ಹಾಕಿದರೆ ಓದುವಷ್ಟರಲ್ಲಿ ಬಾಗಿಲು ತುಂಬಿರುತ್ತದೆ.

ಇಂತಿ,
ಒಬ್ಬ ನಿವೃತ್ತ ಅಧ್ಯಾಪಕ, ಬದಿಯಡ್ಕ