ಗೋಗೋ ಪೆಂಗ್ವಿನ್ ಕೇಳು ಮಾರಾಯ

ಪ್ರಿಯ ಗೆಳೆಯಾ,

ಜಾಝ್ ಅಂದರೆ ಬರೀ ಸ್ಯಾಕ್ಸೊಫೋನ್, ನನಗೆ ಹಿಡಿಸಲ್ಲ ಅನ್ನುತ್ತೀಯಲ್ಲ, ಅದಕ್ಕೇ ಈ ಪತ್ರ. ಗೋಗೋ ಪೆಂಗ್ವಿನ್ ಅನ್ನೋ ಜಾಝ್ ತಂಡದಲ್ಲಿ ಸ್ಯಾಕ್ಸೊಫೋನೇ ಇಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಮೂವರು: ಪಿಯಾನೊ ಕ್ರಿಸ್ ಇಲಿಂಗ್‌ವರ್ತ್, ಡಬಲ್ ಬೇಸ್ ನಿಕ್ ಬ್ಲಾಕಾ, ಡ್ರಮ್ಸ್ ಜಾನ್ ಸ್ಕಾಟ್. ಅವರ 'ನೆಸೆಸರಿ ಫಿಕ್ಷನ್ಸ್' ಆಲ್ಬಂ 2025ರ ಜೂನ್‌ನಲ್ಲಿ ಬಂತು. ನನಗಂತೂ ಅದರ ಹುಚ್ಚು ಹಿಡಿದಿದೆ.

ಇವರದ್ದೊಂದು ವಿಚಿತ್ರ ಪದ್ಧತಿ ಇದೆ. ಕಂಪ್ಯೂಟರಿನಲ್ಲಿ ಎಲೆಕ್ಟ್ರಾನಿಕ್ ಟ್ರ್ಯಾಕ್ ಕಟ್ಟಿಕೊಂಡು, ಆಮೇಲೆ ಅದನ್ನೇ ಮೂವರೂ ಕೈಯಾರೆ ನುಡಿಸುವುದು. ಪಿಯಾನೊದಲ್ಲಿ ಸಣ್ಣದೊಂದು ತುಣುಕು ಸುತ್ತಿ ಸುತ್ತಿ ಬರುತ್ತದೆ. ಇದು ಲೂಪ್, ಅಂದರೆ ಯಂತ್ರವೇ ಮತ್ತೆ ಮತ್ತೆ ನುಡಿಸುವ ತುಣುಕು ಇರಬೇಕು ಅಂದುಕೊಳ್ಳುವಷ್ಟರಲ್ಲಿ ಒಂದು ಸ್ವರದ ಮೇಲೆ ಬೆರಳು ಸ್ವಲ್ಪ ಜಾಸ್ತಿ ಊರುತ್ತದೆ. ನನಗೆ ಇಷ್ಟವಾಗುವುದು ಆ ಒತ್ತು. ಇವರ 'ವಿ2.0' ಆಲ್ಬಂ 2014ರಲ್ಲಿ ಬ್ರಿಟನ್ನಿನ ಸಂಗೀತ ಪ್ರಶಸ್ತಿ ಮರ್ಕ್ಯುರಿಯ ಅಂತಿಮ ಪಟ್ಟಿಗೂ ಸೇರಿತ್ತು.

ಹೊಸ ಆಲ್ಬಂನಲ್ಲಿ ನಿಜವಾದ ಸಿಂಥಸೈಜರ್‌ಗಳೇ, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಯಂತ್ರಗಳೇ, ಬಂದು ಕೂತಿವೆ. ಯಂತ್ರವೇ ಬಂದ ಮೇಲೆ ಕೈಗೇನು ಕೆಲಸ, ಅಲ್ವಾ? ಆದರೆ ಬ್ಲಾಕಾ ಬೇಸ್ ಕೇಳು. ಸಿಂಥ್ ಹಿಂದೆ ಮಂಜಿನ ಹಾಗೆ ಹಬ್ಬಿಕೊಂಡಷ್ಟೂ ತಂತಿ ಮೀಟುವ ಬೆರಳು ಇನ್ನೂ ಹತ್ತಿರ ಬರುತ್ತದೆ. ಯಂತ್ರದ ಪಕ್ಕದಲ್ಲೇ ಮನುಷ್ಯನ ಕೈ ಇಷ್ಟು ಚೆನ್ನಾಗಿ ಕೇಳಿಸುವುದು ಅಪರೂಪ ಕಣೋ.

ಸಿನಿಮಾದ ಗುಣವೂ ಇವರಿಗೆ ಹೊಸದಲ್ಲ. 1982ರ 'ಕೊಯಾನಿಸ್ಕಾಟ್ಸಿ' ಅಂತ ಮಾತೇ ಇಲ್ಲದ ಚಿತ್ರವೊಂದಿದೆ. ಅದರ ಮೂಲ ಸಂಗೀತ ಫಿಲಿಪ್ ಗ್ಲಾಸ್ ಅವರದು. ಇವರು ಅದಕ್ಕೆ ತಮ್ಮದೇ ಸಂಗೀತ ಕಟ್ಟಿ, ಪರದೆಯ ಮುಂದೆ ಲೈವ್ ಆಗಿ ನುಡಿಸಿದ್ದರು. ಹೊಸ ಆಲ್ಬಂನ 'ಸ್ಟೇಟ್ ಆಫ್ ಫ್ಲಕ್ಸ್' ಕೇಳುವಾಗ ಅದೇ ನೆನಪಾಯಿತು. ಅದರಲ್ಲಿ ರಾಖಿ ಸಿಂಗ್ ಅವರ ವಯಲಿನ್, ಜೊತೆಗೆ ಮ್ಯಾಂಚೆಸ್ಟರ್ ಕಲೆಕ್ಟಿವ್ ತಂಡ. ಹಾಡು ಬೇಕೆಂದರೆ ಡೌಡಿ ಮಟ್ಸಿಕೊ ದನಿಯಿರುವ 'ಫರ್ಗಿವ್ ದ ಡ್ಯಾಮೇಜಸ್' ಇದೆ.

ನೀನು ಮಾತ್ರ ಇದೇ ಆಲ್ಬಂನ 'ಫ್ಯಾಲೋಫೀಲ್ಡ್ ಲೂಪ್ಸ್'ನಿಂದ ಶುರು ಮಾಡು. ಫ್ಯಾಲೋಫೀಲ್ಡ್ ಲೂಪ್ ಅಂದರೆ ಅವರೂರಲ್ಲಿ ಹಳೇ ರೈಲು ಹಳಿ ಇದ್ದ ಜಾಗದ ಸೈಕಲ್ ದಾರಿ. ತಬಲಾ ಕಲಿತವನು ನೀನು, ತಾಳದ ಸಮ ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕುತ್ತಾ ಕೂರುತ್ತೀಯ. ಮೊದಲ ಸಲ ಬೇಡ, ಸುಮ್ನೆ ಕೇಳು. ಲೆಕ್ಕ ಎರಡನೇ ಸಲಕ್ಕಿರಲಿ. ಮತ್ತೆ ದಯವಿಟ್ಟು ಫೋನ್ ಸ್ಪೀಕರಿನಲ್ಲಿ ಹಾಕಬೇಡ, ಬೇಸ್ ಪೂರ್ತಿ ಮಾಯವಾಗುತ್ತದೆ.

ನಿನ್ನ ಗೆಳೆಯ