ಹೊಗೆಸೊಪ್ಪು ಬಿಡಿ ಅನ್ನೋ ಮುಂಚೆ ಕೊಳ್ಳೋರನ್ನ ತೋರಿಸಿ

ಮಾನ್ಯ ಸಂಪಾದಕರೇ,

ಹುಣಸೂರು, ಪಿರಿಯಾಪಟ್ಟಣದ ರೈತರು ಹೊಗೆಸೊಪ್ಪು ಬಿಟ್ಟು ಬೇರೆ ಬೆಳೆಗೆ ಹೋಗ್ಬೇಕು ಅನ್ನೋ ಮಾತು ಪೇಪರಲ್ಲಿ ಆಗಾಗ ಬರ್ತಾನೇ ಇರುತ್ತೆ. ನಾನೂ ಹೊಗೆಸೊಪ್ಪು ಹದ ಮಾಡೋ ಬ್ಯಾರನ್ ಇದ್ದ ಮನೇಲೇ ಬೆಳೆದೋನು, ಈಗ ಮೆಲ್ಬರ್ನ್‌ನಲ್ಲಿದೀನಿ, ಇಲ್ಲಿ ಹೊಗೆಸೊಪ್ಪು ಬಿಟ್ಟೂ ಚೆನ್ನಾಗಿ ಬದುಕ್ತಿರೋ ಒಂದು ಸೀಮೆ ಇದೆ, ಅದರ ವಿಷ್ಯ ನಮ್ಮೋರಿಗೂ ಗೊತ್ತಾಗ್ಲಿ ಅಂತ ಬರೀತಿದೀನಿ.

ಮೆಲ್ಬರ್ನ್‌ನಿಂದ ಈಶಾನ್ಯಕ್ಕೆ ಸುಮಾರು ಮೂರು ಗಂಟೆ ದಾರಿ, ಕಿಂಗ್ ವ್ಯಾಲಿ ಅಂತ. ಎರಡನೇ ಮಹಾಯುದ್ಧ ಮುಗಿದ ಮೇಲೆ ಉತ್ತರ ಇಟಲಿಯಿಂದ ಬಂದ ಎಷ್ಟೋ ಕುಟುಂಬಗಳು ಅಲ್ಲಿ ಹೊಗೆಸೊಪ್ಪು ಬೆಳೀತಿದ್ರು, ಸೊಪ್ಪು ಹದ ಮಾಡ್ತಿದ್ದ ಹಳೇ ತಗಡಿನ ಬ್ಯಾರನ್‌ಗಳು ಈಗಲೂ ರಸ್ತೆ ಪಕ್ಕ ಕಾಣ್ತವೆ. ಅದೇ ಸೀಮೇಲಿ ಈಗ ನೆಬಿಯೋಲೋ ಅನ್ನೋ ಇಟಲಿ ದ್ರಾಕ್ಷಿ ಇದೆ. ಇಟಲಿಯ ಪೀಡ್‌ಮಾಂಟ್‌ನಲ್ಲಿ ಹೆಸರುವಾಸಿ ಬರೋಲೋ ವೈನ್ ಮಾಡೋದು ಇದರಿಂದಾನೇ. ಬಲು ಹಟಮಾರಿ ಬಳ್ಳಿ ಇದು, ಎಲ್ಲಕ್ಕಿಂತ ಮುಂಚೆ ಚಿಗುರುತ್ತೆ, ಹಣ್ಣಾಗೋದು ಮಾತ್ರ ಎಲ್ಲಕ್ಕಿಂತ ಕೊನೆಗೆ, ಹಗಲು ಬಿಸಿಲು ರಾತ್ರಿ ಚಳಿ ಇರೋ ಜಾಗದಲ್ಲಿ ನಿಧಾನಕ್ಕೆ ಹಣ್ಣಾದ್ರೇನೇ ಹುಳಿ ಉಳ್ಕೊಂಡು ಘಮ ಬರೋದು. ವೈನ್ ನೋಡೋಕೆ ತೆಳು ಕೆಂಪು, ಇದ್ರಲ್ಲೇನಿದೆ ನೀರು ಅನ್ಸುತ್ತೆ, ಬಾಯಿಗಿಟ್ರೆ ಹಸಿ ಅಡಿಕೆ ಅಗಿದ ಹಾಗೆ ಒಗರು ನಾಲಿಗೆ ಹಿಡ್ಕೊಳ್ಳುತ್ತೆ, ಆಮೇಲೆ ಮೆಲ್ಲಗೆ ಗುಲಾಬಿ ವಾಸನೆ.

ಆದ್ರೆ ಈ ರೈತರು ರಾತ್ರೋರಾತ್ರಿ ಹೊಗೆಸೊಪ್ಪು ಕಿತ್ತು ದ್ರಾಕ್ಷಿ ನೆಟ್ಟೋರಲ್ಲ. ಪಕ್ಕದ ಮಿಲಾವಾದಲ್ಲಿ ಬ್ರೌನ್ ಬ್ರದರ್ಸ್ ಅಂತ ಹಳೇ ವೈನರಿ ಇತ್ತು, ಅವ್ರಿಗೆ ದ್ರಾಕ್ಷಿ ಬೇಕಿತ್ತು, ನೀವು ಬೆಳೀರಿ ನಾವು ತಗೋತೀವಿ ಅಂದ್ರು. ಅಲ್ಲಿ ಹೊಗೆಸೊಪ್ಪು ಬೆಳೀತಿದ್ದ ಪಿಜ್ಜಿನಿ ಕುಟುಂಬ 1978ರಲ್ಲಿ ಮೊದಲ ಬಳ್ಳಿ ನೆಟ್ಟಾಗ ಕೊಳ್ಳೋರು ಇದ್ರು. ಹಣ್ಣು ಮಾರಿ ಕೈ ಕುದುರಿದ ಮೇಲೇನೇ ನೆಬಿಯೋಲೋ, ಸ್ಯಾಂಜಿಯೋವೇಸೆ ಅಂತ ತಮ್ಮ ಹಿರೀಕರ ದೇಶದ ತಳಿಗಳು, ಸ್ವಂತ ಹೆಸರಿನ ಬಾಟಲಿ ಎಲ್ಲಾ ಬಂದಿದ್ದು. ಮೆಲ್ಬರ್ನ್, ಕಿಂಗ್ ವ್ಯಾಲಿ ಎರಡೂ ಇರೋ ವಿಕ್ಟೋರಿಯಾ ರಾಜ್ಯದಲ್ಲಿ ಹೊಗೆಸೊಪ್ಪು ಪೂರ್ತಿ ನಿಂತಿದ್ದು 2006ರಲ್ಲಿ, ಅದೂ ಉಳಿದಿದ್ದ ಬೆಳೆಗಾರರಿಗೆ ಪರಿಹಾರ ಕೊಟ್ಟು. ಅಂದ್ರೆ ಮೊದಲ ಬಳ್ಳಿಗೂ ಕೊನೇ ಸೊಪ್ಪಿಗೂ ಮಧ್ಯೆ ಇಪ್ಪತ್ತೆಂಟು ವರ್ಷ!

ಹಾಗಂತ ನೆಬಿಯೋಲೋ ತಂದು ಪಿರಿಯಾಪಟ್ಟಣದಲ್ಲಿ ನೆಡಿ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಯಾರೂ ಹಾಗೆ ತಿಳ್ಕೋಬೇಡಿ. ಆ ಬಳ್ಳಿಗೆ ಎಲೆ ಉದುರಿಸಿ ಮಲಗೋ ಅಂಥ ಚಳಿಗಾಲ ಬೇಕು, ನಮ್ಮಲ್ಲಿ ದ್ರಾಕ್ಷಿ ಬಳ್ಳಿ ಮಲಗೋದೇ ಇಲ್ಲ, ಅದಕ್ಕೇ ವಿಜಯಪುರದ ಕಡೆ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದ್ರೆ ಬಳ್ಳಿ ಕತ್ತರಿಸೋ ಕೆಲಸ, ಮಾಡಿ ಒಂದು ಫಸಲು ತೆಗೀತಾರೆ. ನಮ್ಮ ಮಣ್ಣಿಗೆ ಏನು ಒಗ್ಗುತ್ತೆ ಅನ್ನೋದು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಹೊಗೆಸೊಪ್ಪಿಗೆ ಹರಾಜು ಕಟ್ಟೆ ಇದೆ, ಬೇಲ್ ತಗೊಂಡು ಹೋದ್ರೆ ರೇಟ್ ಹೆಚ್ಚುಕಮ್ಮಿ ಆದ್ರೂ ಕೊಳ್ಳೋ ಕಂಪನಿಯೋನು ಎದುರಿಗೆ ನಿಂತಿರ್ತಾನೆ. ಶುಂಠಿಗೆ, ಬಾಳೆಗೆ ಆ ಭರವಸೆ ಎಲ್ಲಿದೆ? ರೈತ ಹೊಗೆಸೊಪ್ಪು ಬಿಡದೇ ಇರೋದು ಹಟಕ್ಕಲ್ಲ ಸ್ವಾಮಿ, ಮನೆ ನಡೀಬೇಕಲ್ಲ.

ಇನ್ಮುಂದೆ ಪರ್ಯಾಯ ಬೆಳೆ ಅಂತ ಯಾವ ಅಧಿಕಾರಿ ಊರಿಗೆ ಬಂದ್ರೂ ಯಾರು ಕೊಳ್ತಾರೆ, ಯಾವ ರೇಟಿಗೆ, ಎಷ್ಟು ವರ್ಷ ಅನ್ನೋದನ್ನ ಬರವಣಿಗೇಲಿ ಕೊಡ್ಲಿ. ನಿಮ್ಮ ವರದಿಗಾರರೂ ಸಭೇಲಿ ಮೊದಲು ಅದನ್ನೇ ಕೇಳ್ಲಿ ಅಂತ ವಿನಂತಿ.

ಪಿರಿಯಾಪಟ್ಟಣ ತಾಲ್ಲೂಕಿನ ಒಬ್ಬ ಓದುಗ,
ಮೆಲ್ಬರ್ನ್