10 ಡಾಲರಿನ ಡಬ್ಬಿ, 81 ಲಕ್ಷ ಡಾಲರಿನ ಬೆಂಕಿ: ಅರಿಜೋನಾದ ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ನಾನು ಶಿವಮೊಗ್ಗದವನು. ಅರಿಜೋನಾಕ್ಕೆ ಬಂದು ಹದಿನಾರು ವರ್ಷ ದಾಟಿತು. ಟೂಸಾನ್ ಪಕ್ಕದ ವೇಲ್‌ನಲ್ಲಿ ಮನೆ. ಪೌರತ್ವ ಸಿಕ್ಕ ಮೇಲೆ ಮೊದಲ ಓಟು ಹಾಕಿದ್ದೂ ಇಲ್ಲೇ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಅಂಚೆಯಲ್ಲಿ ಹೋಗಿದೆ. ಕನ್ನಡದ್ದನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ. ಯಾಕಂದ್ರೆ ಇಲ್ಲಿರುವ ನಮ್ಮ ಕನ್ನಡದ ಮನೆಗಳಿಗೂ ಹೇಳಬೇಕಾದ ಮಾತು ಇದರಲ್ಲಿದೆ. ವಿಷಯ ಇಷ್ಟೇ: ಗುಂಡು ತಾಗಿದರೆ ಸಿಡಿಯುವ ಟಾರ್ಗೆಟ್‌ನ ಪುಡಿ ಇಲ್ಲಿ ಯಾರಿಗೆ ಬೇಕಾದರೂ ಸಿಗುತ್ತೆ, ಅದಕ್ಕೊಂದು ಕಾನೂನು ಬೇಕು.

2017ರ ಏಪ್ರಿಲ್‌ನಲ್ಲಿ ಅಮ್ಮ ಊರಿಂದ ಬಂದಿದ್ದರು. ಇಲ್ಲಿನ ಬಿಸಿಲು ಕಂಡು ಅವರಿಗೆ ಖುಷಿಯೋ ಖುಷಿ. ಹಿತ್ತಲಲ್ಲಿ ಹಳೇ ಪಂಚೆ ಹಾಸಿ ಅರಳು ಸಂಡಿಗೆ ಇಟ್ಟಿದ್ದರು. ಗಾಳಿ ಜೋರಾಗಿತ್ತು, ಪಂಚೆಯ ನಾಲ್ಕು ಮೂಲೆಗೂ ಕಲ್ಲು ಹೇರಿದ್ದರು. ಸೋಮವಾರ ಸಂಡಿಗೆ ಮಗುಚುತ್ತಾ ಇದ್ದವರು ತಲೆ ಎತ್ತಿ, "ಅಲ್ನೋಡೋ, ಮೋಡ ಕಟ್ತಿದೆ. ಒಳಗೆ ತಗೊಂಡ್ಬಿಡ್ಲಾ?" ಅಂದರು. ಮೋಡ ಅಲ್ಲ, ಹೊಗೆ. ಸಾಂತಾ ರೀಟಾ ಬೆಟ್ಟಗಳ ಕಡೆ ಸಾಮಿಲ್ ಬೆಂಕಿ ಅಂತ ಹೆಸರಾದ ಕಾಳ್ಗಿಚ್ಚು ಎದ್ದಿತ್ತು.

ಹಿಂದಿನ ದಿನ, ಏಪ್ರಿಲ್ 23ರ ಭಾನುವಾರ, ಗ್ರೀನ್ ವ್ಯಾಲಿ ಹತ್ತಿರ ಒಂದು ಕುಟುಂಬ ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಅಂತ ತಿಳಿಸುವ ಸಂಭ್ರಮದಲ್ಲಿತ್ತು. ಒಣ ಹುಲ್ಲಿನ ಮಧ್ಯೆ ಒಂದು ಟಾರ್ಗೆಟ್ ನಿಲ್ಲಿಸಿದ್ದರು. ಅದರೊಳಗೆ ಗುಂಡು ತಾಗಿದರೆ ಸಿಡಿಯುವ ಟ್ಯಾನರೈಟ್ ಅನ್ನೋ ಮಿಶ್ರಣ, ಜೊತೆಗೆ ಗಂಡೋ ಹೆಣ್ಣೋ ಅಂತ ತೋರಿಸುವ ಬಣ್ಣದ ಪುಡಿ. ಅಪ್ಪ ಆಗಲಿರುವವರು ರೈಫಲ್‌ನಿಂದ ಹೊಡೆದರು. ನೀಲಿ ಪುಡಿ ಹಾರಿತು, ಅದರ ಬೆನ್ನಿಗೇ ಹುಲ್ಲು ಹತ್ತಿಕೊಂಡಿತು. ಆಮೇಲೆ ಅರಣ್ಯ ಇಲಾಖೆ ಬಿಡುಗಡೆ ಮಾಡಿದ ವಿಡಿಯೋವನ್ನು ನೀವೂ ನೋಡಿರುತ್ತೀರಿ. ಒಂದು ನಿಮಿಷ ಕೂಡ ಇಲ್ಲ ಅದು. ಬೆಂಕಿ ಹಬ್ಬೋದಕ್ಕೆ ಅಷ್ಟು ಸಾಕಾಯಿತು. ಆವತ್ತು ಹವಾಮಾನ ಇಲಾಖೆ ಗಾಳಿಯ ಬಗ್ಗೆ ಬೆಂಕಿ ಎಚ್ಚರಿಕೆ ಕೊಟ್ಟಿತ್ತು.

ಸುಟ್ಟಿದ್ದು ಸುಮಾರು 47,000 ಎಕರೆ. ಲಾಲ್‌ಬಾಗ್ 240 ಎಕರೆ. ಅಂಥ ಲಾಲ್‌ಬಾಗ್ ನೂರತೊಂಬತ್ತಕ್ಕಿಂತ ಜಾಸ್ತಿ. ಹತ್ತಿರ ಹತ್ತಿರ 800 ಜನ ಅಗ್ನಿಶಾಮಕದವರು ಒಂದು ವಾರ ಹೋರಾಡಿದರು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ.

ಈಗ ಲೆಕ್ಕಕ್ಕೆ ಬರುತ್ತೇನೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಗುಂಡು ಹೊಡೆದ ಆ ವ್ಯಕ್ತಿ 2018ರಲ್ಲಿ ತಪ್ಪೊಪ್ಪಿಕೊಂಡರು. ಕಟ್ಟಿಕೊಡಬೇಕು ಅಂತ ಆದ ಮೊತ್ತ 81,88,069 ಡಾಲರ್. ಮೊದಲ ಕಂತು ಒಂದು ಲಕ್ಷ ಡಾಲರ್. ಆಮೇಲೆ ತಿಂಗಳಿಗೆ 500 ಡಾಲರಿನಂತೆ 20 ವರ್ಷ. ಅಂದರೆ ಇನ್ನೊಂದು ಲಕ್ಷ 20 ಸಾವಿರ. ಎರಡೂ ಸೇರಿ 2 ಲಕ್ಷ 20 ಸಾವಿರ ಆಯಿತು. ಉಳಿದ ಸುಮಾರು 79 ಲಕ್ಷ 68 ಸಾವಿರ ಡಾಲರ್? ಅದು ಬರೋದು ನನ್ನ ಜೇಬಿನಿಂದ, ನನ್ನ ಪಕ್ಕದ ಮನೆಯವರ ಜೇಬಿನಿಂದ, ತೆರಿಗೆ ಕಟ್ಟುವ ಎಲ್ಲರ ಜೇಬಿನಿಂದ.

ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಅವರೇ ಫೋನ್ ಮಾಡಿ ಬೆಂಕಿಯ ಸುದ್ದಿ ಕೊಟ್ಟರು, ತನ್ನಿಂದ ಆಗಿದ್ದು ಅಂತ ಹೇಳಿದರು. 500 ಡಾಲರ್ ಅನ್ನೋದು ಸಂಬಳದ ಮೇಲೆ ಬದುಕುವ ಮನೆಗೆ ಸಣ್ಣ ಮೊತ್ತವೂ ಅಲ್ಲ, 20 ವರ್ಷ ಸಣ್ಣ ಅವಧಿಯೂ ಅಲ್ಲ. ಯಾವ ಸಂಬಳದಾರನೂ 81 ಲಕ್ಷ ತೀರಿಸಲಾರ. ನನ್ನ ತಕರಾರು ಅದೇ. ಯಾರೂ ತೀರಿಸಲಾಗದ ನಷ್ಟವನ್ನು ಮಾಡಬಲ್ಲ ವಸ್ತು, ಯಾರು ಬೇಕಾದರೂ ಕೊಳ್ಳುವ ಹಾಗೆ ಅಂಗಡಿಯಲ್ಲಿ ಕೂತಿದೆ.

ಆ ಡಬ್ಬಿಯನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ಆಫೀಸಿನ ಗೆಳೆಯನೊಬ್ಬ ಒಂದು ಶನಿವಾರ ಶೂಟಿಂಗ್‌ಗೆ ಕರೆದುಕೊಂಡು ಹೋಗಿದ್ದ. ಹೋಗುವ ದಾರಿಯಲ್ಲೇ ಒಂದು ಅಂಗಡಿಯಲ್ಲಿ ತೆಗೆದುಕೊಂಡ. ಒಂದು ಪೌಂಡಿನ ಡಬ್ಬಿ, 10 ಡಾಲರ್ ಆಸುಪಾಸು. ಗುಂಡುಗಳ ಡಬ್ಬಿ, ನೀರಿನ ಬಾಟಲಿ, ಚಿಪ್ಸ್ ಜೊತೆ ಅದಕ್ಕೂ ಬಿಲ್ ಆಯಿತು. ಒಳಗೆ ಎರಡು ಭಾಗ. ಒಂದರಲ್ಲಿ ಸಬ್ಬಕ್ಕಿ ಥರ ಬಿಳಿ ಕಾಳು, ಅದು ಅಮೋನಿಯಂ ನೈಟ್ರೇಟ್. ಇನ್ನೊಂದರಲ್ಲಿ ಬೂದು ಬಣ್ಣದ ಅಲ್ಯೂಮಿನಿಯಂ ಪುಡಿ, ಬೆರಳಿಗೆ ತಾಗಿದರೆ ವಿಭೂತಿ ಹಚ್ಚಿದ ಹಾಗೆ ಅಂಟಿಕೊಳ್ಳುತ್ತೆ. ಎರಡನ್ನೂ ಬೆರೆಸಿ, ದೂರದಲ್ಲಿಟ್ಟು, ರೈಫಲ್‌ನಿಂದ ಹೊಡೆದ. ಸದ್ದು ಕಿವಿಗಿಂತ ಮೊದಲು ಎದೆಗೆ ಬಂತು. ಸತ್ಯ ಹೇಳಬೇಕು, ಮಜಾ ಅನ್ನಿಸಿತು. ದೂರದ ಗುರಿಗೆ ಗುಂಡು ತಾಗಿತೋ ಇಲ್ಲವೋ ಅಂತ ಬರಿಗಣ್ಣಿಗೆ ಕಾಣಲ್ಲ, ಸಿಡಿದರೆ ಗೊತ್ತಾಗುತ್ತೆ. ಈ ಟಾರ್ಗೆಟ್ ಹುಟ್ಟಿಕೊಂಡಿದ್ದೇ ಆ ಉಪಯೋಗಕ್ಕೆ. ಟ್ಯಾನರೈಟ್ ಒಂದು ಕಂಪನಿಯ ಹೆಸರಷ್ಟೇ, ಜೆರಾಕ್ಸ್ ಅನ್ನುವ ಹಾಗೆ ಈಗ ಇಂಥ ಎಲ್ಲ ಟಾರ್ಗೆಟ್‌ಗೂ ಜನ ಆ ಹೆಸರು ಹೇಳುತ್ತಾರೆ.

ಆವತ್ತು ಅಂಗಡಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಕಾನೂನು ಏನು ಹೇಳುತ್ತೆ ಅಂತಲೂ ಯಾರೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ನಾನೇ ಹುಡುಕಿ ಓದಿದೆ. ಫೆಡರಲ್ ನಿಯಮದ ಪ್ರಕಾರ ಎರಡು ಪುಡಿ ಬೇರೆ ಬೇರೆ ಇರುವಷ್ಟು ಹೊತ್ತು ಅದು ಸ್ಫೋಟಕ ಅಲ್ಲ. ಬೆರೆಸಿದ ಕ್ಷಣಕ್ಕೆ ಸ್ಫೋಟಕ. ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ಬೆರೆಸುವವರಿಗೆ ಲೈಸೆನ್ಸ್ ಬೇಡ. ಆದರೆ ಬೆರೆಸಿದ್ದನ್ನು ಗಾಡಿಯಲ್ಲಿ ಹಾಕಿಕೊಂಡು ಹೊರಟರೆ ಲೈಸೆನ್ಸ್ ಅಥವಾ ಪರ್ಮಿಟ್ ಬೇಕು. ಇಟ್ಟುಕೊಂಡರೆ ಸ್ಫೋಟಕ ಸಂಗ್ರಹದ ಎಲ್ಲ ನಿಯಮವೂ ಬರುತ್ತೆ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರು ಬೆರೆಸಿದ್ದನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ಎಲ್ಲ ಸರಿ. ಆದರೆ ಕೊಳ್ಳುವಾಗ ಯಾರು ಅಂತಲೇ ಕೇಳದಿದ್ದರೆ, ಇದನ್ನೆಲ್ಲ ಕಾಯುವವರು ಯಾರು? ಒಂದೇ ಡಬ್ಬಿಯಲ್ಲಿ, ಒಂದೇ ಬೆಲೆಗೆ, ಬೆರೆಸುವುದಕ್ಕೆಂದೇ ಮಾರುವ ಎರಡು ಪುಡಿಯನ್ನು ಬೇರೆ ಬೇರೆ ಸರಕು ಅಂತ ಕಾನೂನು ನೋಡುತ್ತಿದೆ. ಮಗುವಿಗೂ ಅರ್ಥವಾಗುವ ವಿಷಯ ಅಲ್ವಾ ಇದು?

ಊರಿನ ಮಾತು ಒಂದು ಹೇಳುತ್ತೇನೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಪಕ್ಕದ ಹುಣಸೋಡಿನಲ್ಲಿ ಕಲ್ಲು ಕ್ವಾರಿಯ ಸ್ಫೋಟಕ ಸಿಡಿಯಿತು. ಕೆಲಸದವರು ಸತ್ತರು. ಅಮ್ಮ ಫೋನಿನಲ್ಲಿ, "ಭೂಕಂಪ ಅಂತ ಎಲ್ರೂ ಬೀದಿಗೆ ಬಂದ್ವಿ ಕಣೋ. ಕಿಟಕಿ ಗಾಜು ಗಡಗಡ ಅಂತು" ಅಂದರು. ಭಾರತದಲ್ಲಿ ನಿಯಮ ಮುರಿಯುವವರು ಬೇಕಾದಷ್ಟಿದ್ದಾರೆ, ಅದೇನೂ ಮುಚ್ಚಿಡುವ ವಿಷಯ ಅಲ್ಲ. ಆದರೆ ಅಲ್ಲಿ ನಿಯಮ ಅಂತ ಒಂದಿದೆ. 2012ರಿಂದ ಅಮೋನಿಯಂ ನೈಟ್ರೇಟ್ ಮಾರಲು, ಇಡಲು, ಸಾಗಿಸಲು ಲೈಸೆನ್ಸ್ ಬೇಕು. ತಪ್ಪು ಮಾಡಿದವರನ್ನು ಹಿಡಿಯಲು ಕೈಗೊಂದು ಹಗ್ಗ ಆದರೂ ಇದೆ.

ಇಲ್ಲೂ ಹಗ್ಗ ಹಿಡಿದವರು ಇಲ್ಲದಿಲ್ಲ. ಮೇರಿಲ್ಯಾಂಡ್ 2012ರಲ್ಲೇ ಇದನ್ನು ಸ್ಫೋಟಕದ ಲೈಸೆನ್ಸ್ ಅಡಿ ತಂದಿತು. ಕ್ಯಾಲಿಫೋರ್ನಿಯಾದಲ್ಲೂ ಪರ್ಮಿಟ್ ಇಲ್ಲದೆ ಆಗಲ್ಲ. 2013ರಲ್ಲಿ ಅರಣ್ಯ ಇಲಾಖೆ ಕೊಲೊರಾಡೋ, ವಯೋಮಿಂಗ್ ಸುತ್ತಲಿನ ತನ್ನ ರಾಕಿ ಮೌಂಟನ್ ವಲಯದಲ್ಲಿ ಈ ಟಾರ್ಗೆಟ್‌ಗಳನ್ನು ನಿಷೇಧಿಸಿತು. ಆಗ ಇಲಾಖೆ ಕೊಟ್ಟ ಲೆಕ್ಕ ಇದು: 2012ರಿಂದ ಪಶ್ಚಿಮದ ರಾಜ್ಯಗಳಲ್ಲಿ ಕನಿಷ್ಠ 16 ಕಾಳ್ಗಿಚ್ಚುಗಳಿಗೆ ಇವುಗಳ ನಂಟಿದೆ, ಆರಿಸಲು 3 ಕೋಟಿ 30 ಲಕ್ಷ ಡಾಲರಿಗಿಂತ ಜಾಸ್ತಿ ಖರ್ಚಾಗಿದೆ. ಸಾಮಿಲ್ ಬೆಂಕಿ ಅದಕ್ಕೂ ನಾಲ್ಕು ವರ್ಷ ಆಮೇಲಿನದು. ಎಚ್ಚರಿಕೆ ನಮ್ಮ ಮುಂದೆ ಇತ್ತು.

ನಾನು ಕೇಳುತ್ತಿರುವುದು ದೊಡ್ಡದಲ್ಲ. ಬೆರೆಸಲೆಂದೇ ಜೋಡಿಯಾಗಿ ಮಾರುವ ಪುಡಿಗಳನ್ನು ಅಂಗಡಿಯ ಕಪಾಟಿನಿಂದಲೇ ಸ್ಫೋಟಕ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವ ಮಸೂದೆಯನ್ನು ನೀವು ಮಂಡಿಸಿ. ಕೊಳ್ಳುವವರ ಗುರುತಿನ ಚೀಟಿ ನೋಡಲಿ, ಹೆಸರು ಬರೆದುಕೊಳ್ಳಲಿ, ಒಂದು ಸಲಕ್ಕೆ ಇಷ್ಟೇ ಅಂತ ಮಿತಿ ಇರಲಿ. 2021ರ ಏಪ್ರಿಲ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಕಿಂಗ್ಸ್ಟನ್‌ನಲ್ಲಿ ಒಂದು ಕ್ವಾರಿಯೊಳಗೆ ಮಗುವಿನ ಸುದ್ದಿ ಹೇಳಲು 80 ಪೌಂಡ್ ಟ್ಯಾನರೈಟ್ ಸಿಡಿಸಿದರು. ಸುತ್ತಮುತ್ತಲ ಮನೆಗಳು ನಡುಗಿದವು. ಗುರಿ ತಾಗಿತಾ ಅಂತ ನೋಡೋದಕ್ಕೆ 80 ಪೌಂಡ್ ಯಾಕೆ ಬೇಕು? ಇನ್ನೊಂದು, ಒಂದು ವಲಯಕ್ಕೆ ಒಂದು ಆದೇಶ ಅನ್ನೋದು ಬೇಡ. ಎಲ್ಲ ರಾಷ್ಟ್ರೀಯ ಅರಣ್ಯಗಳಿಗೂ, ವರ್ಷವಿಡೀ, ಒಂದೇ ನಿಷೇಧ ಇರಲಿ. ಹುಲ್ಲಿಗೆ ವಲಯದ ಗಡಿ ಗೊತ್ತಿಲ್ಲ. ಸಾಮಿಲ್ ಬೆಂಕಿ ಶುರುವಾಗಿದ್ದು ರಾಜ್ಯದ ಜಾಗದಲ್ಲಿ, ಹೋಗಿದ್ದು ಕೊರೊನಾಡೋ ರಾಷ್ಟ್ರೀಯ ಅರಣ್ಯಕ್ಕೆ.

ಇದು ಬಂದೂಕಿನ ಹಕ್ಕಿನ ಮಾತಲ್ಲ. ನನ್ನ ಗೆಳೆಯನ ರೈಫಲ್ ಅವನ ಹತ್ತಿರವೇ ಇರಲಿ. ಅವನೇ ಈ ಪತ್ರ ಓದಿ, "ಹೆಸರು ಬರೆಸಿ ಕೊಳ್ಳೋದ್ರಲ್ಲಿ ನನಗೇನು ಕಷ್ಟ" ಅಂದ.

ಇನ್ನು ನಮ್ಮ ಕನ್ನಡದ ಬಂಧುಗಳಿಗೆ ಎರಡು ಮಾತು. ಊರಲ್ಲಿ 1994ರ ಕಾನೂನಿನಿಂದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಗಂಡು ಹೆಣ್ಣು ಹೇಳುವಂತಿಲ್ಲ. ಇಲ್ಲಿ ಹೇಳುತ್ತಾರೆ, ಹಾಗಾಗಿ ನಮ್ಮ ಸೀಮಂತಗಳಲ್ಲೂ ಹಸಿರು ಬಳೆ, ಐದು ಥರದ ಚಿತ್ರಾನ್ನದ ಜೊತೆ ಈಗ ಈ ಬಣ್ಣ ಹಾರಿಸುವ ಕಾರ್ಯಕ್ರಮವೂ ಸೇರಿದೆ. ಬೇಡ ಅನ್ನಲ್ಲ. ಖುಷಿ ನಿಮ್ಮದು. ಆದರೆ ಕೇಕ್ ಕತ್ತರಿಸಿ, ಬಲೂನ್ ಒಡೆಯಿರಿ. ಸಿಡಿಯುವುದು, ಹೊಗೆ ಉಗುಳುವುದು ಬೇಡ. 2020ರ ಸೆಪ್ಟೆಂಬರ್ 5ರಂದು ಕ್ಯಾಲಿಫೋರ್ನಿಯಾದ ಯುಕೈಪಾದಲ್ಲಿ ಇಂಥದ್ದೇ ಸಂಭ್ರಮಕ್ಕೆ ಹಚ್ಚಿದ ಹೊಗೆ ಪಟಾಕಿಯಿಂದ ಎಲ್ ಡೊರಾಡೋ ಬೆಂಕಿ ಎದ್ದಿತು. ಟಾರ್ಗೆಟ್ ಕೂಡ ಅಲ್ಲ, ಬರೀ ಹೊಗೆ. 22,000 ಎಕರೆಗಿಂತ ಜಾಸ್ತಿ ಹೋಯಿತು. ಅದನ್ನು ಆರಿಸಲು ಹೋದ ಅಗ್ನಿಶಾಮಕ ದಳದ ಒಬ್ಬರು ಮನೆಗೆ ವಾಪಸ್ ಬರಲಿಲ್ಲ. ಒಂದು ಮನೆಗೆ ಮಗು ಬರುವ ಸುದ್ದಿಗೆ ಇನ್ನೊಂದು ಮನೆಯ ಮಗ ಹೋದ. ನನಗೆ ಅದನ್ನು ಮರೆಯಲು ಆಗುತ್ತಿಲ್ಲ.

ಸಂಸದರೇ, ಟೂಸಾನ್‌ಗೆ ನೀವು ಜನರ ಅಹವಾಲು ಕೇಳಲು ಬಂದಾಗ ನಾನು ಬರುತ್ತೇನೆ. ಆ ಶನಿವಾರದ ಖಾಲಿ ಡಬ್ಬಿ ನನ್ನ ಗ್ಯಾರೇಜಿನಲ್ಲಿದೆ, ಜೊತೆಗೆ ತರುತ್ತೇನೆ. ಬೇಸಿಗೆಯ ಗಾಳಿ ಏಳುವುದರೊಳಗೆ, ಏಪ್ರಿಲ್‌ಗೆ ಮುಂಚೆ, ಮಸೂದೆ ತರುತ್ತೀರೋ ಇಲ್ಲವೋ ಅಂತ ಒಂದು ಉತ್ತರ ಬರೆಯಿರಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ
ವೇಲ್, ಅರಿಜೋನಾ